ಮೂಳೆಯೊಳಗಿನ ಕಸುಬುದಾರರು

ಆಸ್ಪತ್ರೆಯ ಎರಡನೇ ಮಹಡಿ,
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ತಮ್ಮನಿಗೆ, ಅಕ್ಕನ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಕೆಮ್ಮು ನಿಂತಿತೇ? ಬಂದರಿನ ಗಾಳಿಗೆ ಕಿವಿಗೆ ಬಟ್ಟೆ ಕಟ್ಟಿಕೋ ಅಂದರೆ ನಗುತ್ತೀಯ. ಕ್ರೇನಿನ ಏಣಿ ಹತ್ತುವಾಗ ಎರಡೂ ಕೈಯಲ್ಲಿ ಹಿಡಿದುಕೋ. ನೀನು ಜಾರಿದ ಹಾಗೆ ಮೊನ್ನೆ ಕನಸು ಬಿತ್ತು, ಬೆಳಗಿನಿಂದ ಒಂದು ತುತ್ತು ಇಳಿಯಲಿಲ್ಲ. ಫೋನಿನಲ್ಲಿ ಮಾತಾಡಲು ಹೋದರೆ ನನಗೆ ಅರ್ಧಕ್ಕೇ ಅಳು ಬರುತ್ತದೆ, ನೀನು "ಆಮೇಲೆ ಮಾಡ್ತೀನಕ್ಕಾ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಅರ್ಧಕ್ಕೆ ಶಾಲೆ ಬಿಟ್ಟವಳ ಅಕ್ಷರ, ತಪ್ಪಿದ್ದರೆ ಸರಿಮಾಡಿಕೊಂಡು ಓದು.

ನಮ್ಮ ತಂಗಿ ಚೂಟಿಗೆ ಜ್ವರ ಇಳಿದಿದೆ, ನಾಲಿಗೆ ಮಾತ್ರ ಇಳಿದಿಲ್ಲ. ನಿನ್ನೆ ನರ್ಸಿಗೆ ಕೈಯಲ್ಲಿ ನರ ಸಿಗದೆ ತಡಕಾಡುತ್ತಿದ್ದರೆ, "ಬಿಡಿ ಸಿಸ್ಟರ್, ನಾನೇ ಕೆಂಪು ದಾರದಲ್ಲಿ ಒಂದು ಹೊಲಿಗೆ ಹಾಕಿ ಗುರುತು ಮಾಡ್ಕೊಡ್ತೀನಿ" ಅಂದಳು. ಕೂದಲೆಲ್ಲ ಉದುರಿದೆ. ರಕ್ತದ ಕ್ಯಾನ್ಸರ್ ಅನ್ನುವುದನ್ನು ನಾನು ಪಿಸುಗುಟ್ಟಿ ಹೇಳುತ್ತೇನೆ, ಅವಳು ನೋಡಿದರೆ ನೆಗಡಿ ಅಂದ ಹಾಗೆ ಅನ್ನುತ್ತಾಳೆ.

ನನ್ನ ದಡ್ಡತನ ಕೇಳು. ಮೊದಲ ರಿಪೋರ್ಟು ಬಂದಾಗ ಬಿಳಿ ಕಣ ವಿಪರೀತ ಹೆಚ್ಚಾಗಿದೆ ಅಂದರು. ಬಿಳಿ ಕಣ ಅಂದರೆ ಮೈಯ ಕಾವಲುಗಾರರು ಅಂತ ಎಲ್ಲೋ ಕೇಳಿದ್ದೆ. ಕಾವಲು ಜಾಸ್ತಿಯಾದರೆ ಒಳ್ಳೆಯದೇ ಅಲ್ಲವೇ? ಖುಷಿಯಾಗಿ ಅಕ್ಕಪಕ್ಕದ ಹಾಸಿಗೆಯವರಿಗೆಲ್ಲ ಹೇಳಿಕೊಂಡು ಬಂದೆ. ಆಮೇಲೆ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಮೈಯೆಲ್ಲ ಕಣ್ಣಿಗೆ ಕಾಣದ ಜೀವಕೋಶಗಳಂತೆ, ಒಂದೊಂದಕ್ಕೆ ಒಂದೊಂದು ಕಸುಬಂತೆ. ಚರ್ಮದ್ದು ಹೊದಿಕೆಯಾಗಿರುತ್ತದೆ, ನರದ್ದು ಸುದ್ದಿ ಮುಟ್ಟಿಸುತ್ತದೆ. ರಕ್ತದಲ್ಲಿ ಕೆಂಪಿನದು ಉಸಿರು ಹೊರುತ್ತದೆ, ಬಿಳಿಯದು ರೋಗದ ಜೊತೆ ಹೊಡೆದಾಡುತ್ತದೆ, ಇನ್ನೊಂದು ಗಾಯಕ್ಕೆ ತೇಪೆ ಹಾಕುತ್ತದೆ. ನಮ್ಮ ಹೊಲಿಗೆ ಕಾರ್ಖಾನೆಯ ಹಾಗೇ; ಕಾಲರಿನವಳು ಕಾಲರು, ಗುಂಡಿತೂತಿನ ಕಾಜಾದವಳು ಕಾಜಾ, ಎಲ್ಲರೂ ಸೇರಿದರೆ ಒಂದು ಅಂಗಿ. ಚೂಟಿಯ ಮೈಯಲ್ಲಿ ಹೆಚ್ಚಿದ ಬಿಳಿ ಕಣಗಳು ಬೆಳೆಯದೇ ಉಳಿದವಂತೆ. ಕೆಲಸ ಕಲಿಯಲಿಲ್ಲ, ಜಾಗ ಬಿಡಲಿಲ್ಲ, ಹೊತ್ತಾದಾಗ ಸಾಯಲೂ ಇಲ್ಲ. ತಮ್ಮಂಥವನ್ನೇ ಹುಟ್ಟಿಸುತ್ತಾ ಕೆಲಸ ಬಲ್ಲವನ್ನು ಹೊರಗೆ ತಳ್ಳಿದವು. ಅಂದಿನಿಂದ ನನ್ನ ಅಂಗೈಯನ್ನೇ ನೋಡುತ್ತಾ ಕೂರುತ್ತೇನೆ. ಇದರೊಳಗೆ ಯಾರು ದುಡಿಯುತ್ತಿದ್ದಾರೆ, ಯಾರು ಕೈಕಟ್ಟಿ ಕೂತಿದ್ದಾರೆ, ಯಾರಿಗೆ ಗೊತ್ತು? ನನ್ನ ಮೊಣಕಾಲು ಮಂಚಕ್ಕೆ ತಗುಲಿ ಕಂದಿದರೂ ನನಗೂ ಅದೇ ರೋಗವೇ ಅಂತ ನರ್ಸಿಗೆ ತೋರಿಸಿ ಬರುತ್ತೇನೆ.

ಆಮೇಲೆ ಡಾಕ್ಟರಮ್ಮ "ಅಸ್ಥಿಮಜ್ಜೆ ಬದಲಾಯಿಸ್ಬೇಕು" ಅಂದರು. ನನಗೆ ಕೇಳಿಸಿದ್ದು ಅಸ್ಥಿ ಒಂದೇ. ಅಸ್ಥಿ ಅಂದರೆ ಸುಟ್ಟ ಮೇಲೆ ಆಯುವುದಲ್ಲವೇನೋ? ಜೀವ ಇರುವಾಗಲೇ ಆ ಮಾತೇ ಅಂತ ಅಲ್ಲೇ ಗೋಳೋ ಎಂದು ಅತ್ತೆ. ಚೂಟಿ ಹಾಸಿಗೆಯಿಂದಲೇ, "ಅಕ್ಕಾ, ನಾನಿನ್ನೂ ಇದೀನಿ ಕಣೇ! ಮೂಳೆಯೊಳಗಿನ ತಿರುಳಿನ ವಿಷ್ಯ ಹೇಳ್ತಿದಾರೆ" ಅಂತ ಕೂಗಿದಳು. ಡಾಕ್ಟರಮ್ಮನಿಗೂ ನಗು ತಡೆಯಲಾಗಲಿಲ್ಲ.

ರಕ್ತದ ಕಣಗಳಿಗೆಲ್ಲ ಆ ತಿರುಳೇ ತವರುಮನೆ. ನನ್ನದು ಅವಳಿಗೆ ಅರ್ಧ ಮಾತ್ರ ಹೊಂದಿತು. ನೀನು ಅಲ್ಲಿಂದ ಕಳಿಸಿದ ರಕ್ತ ಪೂರ್ತಿ ಹೊಂದಿದೆ ಅಂತ ನಿನ್ನೆ ಗೊತ್ತಾಯಿತು. ಬಂದು ಕೊಡು ಅಂತ ಫೋನಿನಲ್ಲಿ ಹೇಳಿದರೆ ನೀನು "ನೋಡೋಣ" ಅಂದೆ. ನಮ್ಮ ಮನೆಯಲ್ಲಿ ನೋಡೋಣ ಅಂದರೆ ಏನು ಅಂತ ನನಗೆ ಗೊತ್ತಿಲ್ಲವೇ? ಅಪ್ಪ ನೋಡೋಣ ಅಂದ ಒಂದು ವಸ್ತುವೂ ಮನೆಯ ಹೊಸಿಲು ದಾಟಿ ಬರಲಿಲ್ಲ. ತಿರುಳು ತೆಗೆಯಲು ಬೆನ್ನುಹುರಿಗೆ ಸೂಜಿ ಚುಚ್ಚುತ್ತಾರೆ ಅಂತ ನಿನಗೆ ಭಯ. ಯಾರೋ ಸೊಂಟ ಬಿದ್ದುಹೋಗುತ್ತದೆ ಅಂದಿದ್ದಾರೆ. ನಾನೂ ಅದನ್ನೇ ನಂಬಿದ್ದೆ, ಕೇಳಿ ಕೇಳಿ ಡಾಕ್ಟರಮ್ಮನ ತಲೆ ತಿಂದೆ. ಬೆನ್ನು ಮುಟ್ಟುವುದೇ ಇಲ್ಲವಂತೆ. ಮೊದಲು ಕೆಲವು ದಿನ ಇಂಜೆಕ್ಷನ್ನು, ಮೂಳೆ ಸ್ವಲ್ಪ ನೋಯುತ್ತದೆ. ಆಮೇಲೆ ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಬೇಕಾದ ಕಣ ಸೋಸಿಕೊಂಡು, ಉಳಿದದ್ದನ್ನು ನಿನಗೇ ಹಾಕುತ್ತಾರೆ. ಕೊಟ್ಟದ್ದನ್ನು ಮೈ ಮತ್ತೆ ಹುಟ್ಟಿಸಿಕೊಳ್ಳುತ್ತದೆ. ಇಷ್ಟು ತಿಳಿದ ಮೇಲೂ ನನಗೆ ನಿನ್ನದೂ ಭಯವೇ. ಇಬ್ಬರೂ ಒಳಗೆ ಮಲಗಿದರೆ ಬಾಗಿಲ ಹೊರಗೆ ನಾನೊಬ್ಬಳೇ ಕೂರಬೇಕಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆ ಕೋಣೆಯಲ್ಲಿರುವ ಹುಡುಗರಿಗೂ ನನ್ನ ಹಾರೈಕೆ ಹೇಳು. ನೂರು ಕಾಲ ಬಾಳು, ಕಂದಾ.

ನಿನ್ನ ಅಕ್ಕ

ಬಿಟ್ಟುಹೋದದ್ದು: ನಿನ್ನ ಕಣ ಹಾಕುವ ಮೊದಲು ಔಷಧ ಕೊಟ್ಟು ಚೂಟಿಯ ತಿರುಳನ್ನು ಪೂರ್ತಿ ಬರಿದು ಮಾಡುತ್ತಾರೆ. ಅದಾದ ಮೇಲೆ ನೀನು ಹಿಂದೆ ಸರಿದರೆ ಅವಳ ಮೈಯಲ್ಲಿ ರಕ್ತ ಹುಟ್ಟಿಸುವವರು ಯಾರೂ ಉಳಿಯುವುದಿಲ್ಲ. ಬರುವುದಿಲ್ಲ ಅನ್ನುವುದಾದರೆ ಈಗಲೇ ಅನ್ನು, ಬೈಯುವುದಿಲ್ಲ. ಇದನ್ನು ಓದಿ ಚೂಟಿ "ಅವನನ್ನ ಹೆದರಿಸ್ಬೇಡ, ಈ ಸಾಲು ಹೊಡೆದುಹಾಕು" ಅಂದಳು. ನಾನು ಹೊಡೆದುಹಾಕಲಿಲ್ಲ. ಧೈರ್ಯ ಬಂದ ಮೇಲೆ ಹೊರಡೋಣ ಅಂತ ಕಾಯಬೇಡ ಕಣೋ, ನಮ್ಮ ವಂಶದಲ್ಲಿ ಅದು ಯಾರಿಗೂ ಬಂದದ್ದಿಲ್ಲ. ಹೆದರಿಕೊಂಡೇ ಬಾ.