ಅರ್ಧ ಬಟ್ಟಲು ಸುರಿಯಲು ಕಲಿಸುವ ಕೋಣೆಗೆ ಬೀಗ

ಕೇಳಿರಿ, ಕೊಕ್-ಬುಲಕ್ ಪಟ್ಟಣದ ಮಹಾಜನರೇ! ಬಜಾರಿನಲ್ಲಿ ಕುದುರೆಯ ಲಗಾಮು ಹಿಡಿದು ನಿಂತವರೇ, ಕ್ಷೌರದಂಗಡಿಯಲ್ಲಿ ಸರದಿ ಕಾಯುತ್ತಿರುವವರೇ, ಬಸ್ ನಿಲ್ದಾಣದ ತಣ್ಣನೆಯ ಬೆಂಚಿನ ಮೇಲೆ ಈ ಪತ್ರಿಕೆಯನ್ನೇ ಹಾಸಿಕೊಂಡು ಕೂತವರೇ, ದಯವಿಟ್ಟು ಎದ್ದು ಅದನ್ನು ತಿರುವಿ ಓದಿರಿ! ನಿಮ್ಮೆಲ್ಲರನ್ನೂ ಸಾಕ್ಷಿಗೆಂದು ಕರೆದಿದ್ದೇನೆ. ಮುಂದಿನ ಸಾಲಿನ ನಡುವಿನ ಕುರ್ಚಿಯನ್ನು ಮಾತ್ರ ಖಾಲಿ ಬಿಡಿ. ಅದು ನಮ್ಮ ವಿಶ್ವವಿದ್ಯಾಲಯದ ಉಪಕುಲಪತಿಗಳದು. ಈ ಪತ್ರವೂ ಅವರಿಗೇ.

ಮಾನ್ಯರೇ, ಕಳೆದ ಸೋಮವಾರ ತಾವೊಂದು ಆದೇಶಕ್ಕೆ ಸಹಿ ಹಾಕಿದಿರಿ. ಮೊದಲ ವರ್ಷದವರಿಗೆ ಪ್ರೋಗ್ರಾಂ ಬರೆಯಲು ಹೇಳಿಕೊಡುವ ಹಿರಿಯ ವಿದ್ಯಾರ್ಥಿಗಳಿಗೆ ನಾನು ನಡೆಸುತ್ತಿದ್ದ ತರಬೇತಿ ರದ್ದಾಗಿದೆ. ಅದು ನಡೆಯುತ್ತಿದ್ದ ಹದಿನಾಲ್ಕನೇ ಕೋಣೆಗೆ ನಾಳೆ ಬೆಳಿಗ್ಗೆ ಬೀಗ ಬೀಳುತ್ತದೆ. ಆದೇಶದ ಮಾತುಗಳನ್ನು ಜನರೂ ಕೇಳಲಿ: "ಉತ್ತಮ ಅಂಕ ಪಡೆದ ವಿದ್ಯಾರ್ಥಿಗೆ ಬೋಧಿಸಲು ಪ್ರತ್ಯೇಕ ತರಬೇತಿ ಅನಗತ್ಯ. ವಿದ್ಯಾರ್ಥಿ ಬೋಧಕರ ಸಾಧನೆಯನ್ನು ಅವರ ನೆರವಿನಿಂದ ಸಲ್ಲಿಕೆಯಾದ ಅಸೈನ್‌ಮೆಂಟ್‌ಗಳ ಸಂಖ್ಯೆಯಿಂದ ಅಳೆಯತಕ್ಕದ್ದು." ಆಹಾ! ಎಂಥ ಅಳತೆಗೋಲು! ಸೂಲಗಿತ್ತಿಯ ಯೋಗ್ಯತೆಯನ್ನು ಅವಳು ಎಷ್ಟು ಬೇಗ ಮನೆಗೆ ಹೋದಳು ಎಂಬುದರಿಂದ ಅಳೆದ ಹಾಗೆ. ಈ ಅಳತೆಯಲ್ಲಿ ಮೊದಲು ಸೋತವಳು ನನ್ನ ಅತ್ಯುತ್ತಮ ಬೋಧಕಿ. ಅವಳ ಹಿಂದೆಯೇ, ಇನ್ನು ಒಂಬತ್ತು ದಿನಕ್ಕೆ, ವಿಶ್ವವಿದ್ಯಾಲಯದಿಂದಲೇ ಹೊರಬೀಳಲಿರುವವಳು ಒಬ್ಬ ಹುಡುಗಿ. ಆ ಇಬ್ಬರ ಕಥೆಯನ್ನು ಕೇಳಿದ ಮೇಲೂ ತಮ್ಮ ಸಹಿಯ ಶಾಯಿ ತಮಗೆ ಚೆಂದ ಕಂಡರೆ ನಾನು ಬಾಯಿ ಮುಚ್ಚುತ್ತೇನೆ. ನಾನು ಬಾಯಿ ಮುಚ್ಚುವುದು ಎಷ್ಟು ಅಪರೂಪವೆಂದು ಈ ಊರಿಗೆ ಗೊತ್ತು.

ಮೊದಲ ತಪ್ಪು ನನ್ನದೇ. ತಾವು ಇಂದು ನಂಬಿರುವುದನ್ನೇ ನಾನೂ ಹೋದ ಸೆಪ್ಟೆಂಬರಿನಲ್ಲಿ ನಂಬಿದ್ದೆ. ಮೂರನೇ ವರ್ಷದಲ್ಲಿ ಅತಿ ಹೆಚ್ಚು ಅಂಕ ಪಡೆದ ಹನ್ನೆರಡು ಜನರನ್ನು ಆರಿಸಿ, "ಹೋಗಿ, ಕಲಿಸಿ" ಎಂದು ಕೈ ಬೀಸಿದೆ. ಅವರಲ್ಲಿ ಎಲ್ಲರಿಗಿಂತ ಮುಂದಿದ್ದವಳು ಅಕ್‌ಮೋರ್. ಬುದ್ಧಿಗೆ ಬುದ್ಧಿ, ಮನಸ್ಸಿಗೆ ಮನಸ್ಸು. ಅವಳ ಪಾಲಿಗೆ ಬಂದವಳು ಜಿಪಾರ್. ಬೇಸಿಗೆಯೆಲ್ಲ ಮೇಲಿನ ಹುಲ್ಲುಗಾವಲಿನಲ್ಲಿ ಕುದುರೆಯ ಹಾಲು ಕರೆಯುವ ಮನೆಯ ಹುಡುಗಿ. ಇಲ್ಲಿಗೆ ಬರುವ ಮೊದಲು ಕಂಪ್ಯೂಟರನ್ನು ಹೆಡ್‌ಮಾಸ್ತರರ ಕಪಾಟಿನ ಗಾಜಿನ ಹಿಂದೆ ಮಾತ್ರ ಕಂಡವಳು.

ಮಾನ್ಯರೇ, ಔತಣ ಮುಗಿದ ಮೇಲೆ ಅತಿಥಿಯನ್ನು ಬರಿಗೈಯಲ್ಲಿ ಕಳಿಸಿದ ಮನೆ ನಮ್ಮ ಕಣಿವೆಯಲ್ಲಿ ಒಂದಾದರೂ ಇದೆಯೇ? ಮಾಂಸ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೊರ್ಸೊಕ್, ಹಿಡಿ ಮಿಠಾಯಿ, ಎಲ್ಲವನ್ನೂ ಗಂಟು ಕಟ್ಟಿ ಕೈಗಿಟ್ಟೇ ಹೊಸ್ತಿಲು ದಾಟಿಸುತ್ತೇವೆ. ಅಕ್‌ಮೋರ್ ಅದನ್ನೇ ಮಾಡಿದಳು. ಜಿಪಾರ್ ಬಂದಾಗಲೆಲ್ಲ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು, ಪ್ರೋಗ್ರಾಂ ಪೂರ್ತಿ ಬರೆದು, ಗಂಟು ಕಟ್ಟಿ ಕಳಿಸಿದಳು. ಉಳಿದ ಹನ್ನೊಂದು ಜನರೂ ಹಾಗೆಯೇ. ಮೊದಲ ವರ್ಷದವರ ಅಸೈನ್‌ಮೆಂಟ್‌ಗಳಿಗೆಲ್ಲ ನೂರಕ್ಕೆ ನೂರು. ತಾವು ಸಭೆಯಲ್ಲಿ ನನ್ನ ಬೆನ್ನು ತಟ್ಟಿದಿರಿ. ನಾನು ನಾಚಿಕೆಯಿಲ್ಲದೆ ತಟ್ಟಿಸಿಕೊಂಡೆ.

ಜನವರಿಯಲ್ಲಿ ಪರೀಕ್ಷೆ ಬಂತು. ಯಂತ್ರದ ಮುಂದೆ ಜಿಪಾರ್ ಒಬ್ಬಳೇ. ಎರಡು ಗಂಟೆಯಲ್ಲಿ ಅವಳು ಟೈಪ್ ಮಾಡಿದ್ದು ತನ್ನ ಹೆಸರನ್ನು ಮಾತ್ರ. ಹೊರಗೆ ಬಂದವಳನ್ನು ನಾನು ತಡೆದು ಕೇಳಿದೆ: "ಏನಮ್ಮಾ ಇದು? ಇಷ್ಟು ದಿನ ಎಲ್ಲಾ ಸರಿಯಾಗಿ ಮಾಡ್ತಿದ್ದೆಯಲ್ಲ?"

"ಪರೀಕ್ಷೆಲಿ ಅಕ್ಕ ಇರ್ಲಿಲ್ಲ, ಮೇಷ್ಟ್ರೇ" ಅಂದಳು. ಅಷ್ಟೇ. ಅಳಲೂ ಇಲ್ಲ.

ಅತ್ತವಳು ಅಕ್‌ಮೋರ್. "ನಾನೇನ್ ಕೆಟ್ಟದ್ ಮಾಡ್ದೆ, ಮೇಷ್ಟ್ರೇ? ಮನೆ ಬಿಟ್ಟು ಬಂದ ಮಗು ಅದು. ಬಾಗ್ಲಿಗೆ ಬಂದೋಳನ್ನ ಬರಿಗೈಲಿ ಹೇಗೆ ಕಳಿಸ್ಲಿ?"

ಆಗ ನನಗೆ ನಮ್ಮಮ್ಮ ನೆನಪಾದಳು. ಈ ಊರಿನ ನಾಟಕಮಂದಿರದಲ್ಲಿ ಇಪ್ಪತ್ತೆರಡು ವರ್ಷ ರಂಗದ ಕೆಳಗಿನ ಗೂಡಿನಲ್ಲಿ ಕೂತು, ನಟರಿಗೆ ಮರೆತ ಮಾತನ್ನು ಎತ್ತಿಕೊಡುತ್ತಿದ್ದವಳು ಅವಳು. ಅವಳ ಮಡಿಲಲ್ಲೇ ಕೂತು ನಾನು ರಾಜರನ್ನೂ ದ್ರೋಹಿಗಳನ್ನೂ ಬೂಟುಗಳ ಮಟ್ಟದಿಂದ ನೋಡಿ ಬೆಳೆದೆ. ಅರಮನೆಯ ದೃಶ್ಯದಲ್ಲಿ ಖಾನನ ಪಾತ್ರಧಾರಿ ಮಾತು ಮರೆತು ಬೆವರುತ್ತಿದ್ದರೂ ಅಮ್ಮ ಒಂದು ಉಸಿರು ಕಾಯುತ್ತಿದ್ದಳು. ಆಮೇಲೆ ಮೊದಲ ಪದ ಮಾತ್ರ. "ಪೂರ್ತಿ ಹೇಳ್ಬಿಟ್ರೆ ನಾಟಕ ನಂದಾಗತ್ತೆ ಕಣೋ, ಅವನ್ದಲ್ಲ" ಅನ್ನುತ್ತಿದ್ದಳು.

ಅಕ್‌ಮೋರ್‌ಗೆ ನಾನು ಕೇಳಿದೆ: "ನಿಮ್ಮನೇಲಿ ಅತಿಥಿಗೆ ಚಹಾ ಎಷ್ಟು ಸುರೀತೀರಿ?"

"ಅರ್ಧ ಬಟ್ಲು. ಮತ್ತೆ ಮತ್ತೆ ಸುರೀತೀವಿ. ಅವ್ರು ಇನ್ನಷ್ಟು ಹೊತ್ತು ಕೂತಿರ್ಲಿ ಅಂತ."

"ತುಂಬ ಸುರಿದ್ರೆ?"

"ಅಯ್ಯೋ! ಎದ್ದು ಹೋಗಿ ಅಂದ ಹಾಗೆ..." ಎಂದವಳು ಅಲ್ಲಿಗೇ ನಿಂತಳು. ಮುಖದ ಬಣ್ಣ ಹೋಯಿತು. ತಾನು ಒಂದು ಇಡೀ ಸೆಮಿಸ್ಟರ್ ಆ ಹುಡುಗಿಗೆ ತುಂಬಿದ ಬಟ್ಟಲನ್ನೇ ಕೊಟ್ಟಿದ್ದು ಅವಳಿಗೆ ಹೊಳೆದಿತ್ತು. ಮಾನ್ಯರೇ, ನನ್ನ ತರಬೇತಿ ಹುಟ್ಟಿದ್ದು ಆ ಕ್ಷಣದಲ್ಲಿ.

ಹದಿನಾಲ್ಕನೇ ಕೋಣೆಯಲ್ಲಿ ಏನು ನಡೆಯಿತು ಎಂದು ತಾವು ಯಾವತ್ತೂ ಬಂದು ನೋಡಲಿಲ್ಲ, ಆದ್ದರಿಂದ ಹೇಳುತ್ತೇನೆ. ಬೋಧಿಸುವವರು ಎರಡೂ ಕೈಯಲ್ಲಿ ಚಹಾದ ಬಟ್ಟಲು ಹಿಡಿದಿರಬೇಕು. ಕೀಬೋರ್ಡ್ ಮುಟ್ಟಲು ಹೋದರೆ ಚಹಾ ಚೆಲ್ಲಿ ತೊಡೆ ಸುಡುತ್ತದೆ. ದಡ್ಡ ಶಿಷ್ಯನ ಪಾತ್ರ ನನ್ನದು. ನಾನು ಗೋಳಾಡಿದೆ, ಮೇಜು ಗುದ್ದಿದೆ, ಎಲ್ಲ ಅರ್ಥವಾಯಿತೆಂದು ಸುಳ್ಳು ಹೇಳಿದೆ, "ಉತ್ತರ ಕೊಟ್ಬಿಡು ತಂಗಿ, ನಿನ್ನ ಮದುವೇಲಿ ಕುಣೀತೀನಿ" ಎಂದು ಮೊಣಕಾಲೂರಿದೆ. ಅವರು ನಗು ನುಂಗಿಕೊಂಡು ಎರಡೇ ಪ್ರಶ್ನೆ ಕೇಳಬೇಕು: ಏನಾಗಬೇಕಿತ್ತು? ಏನಾಯಿತು? ಆಮೇಲೆ ಕಾಯಬೇಕು. ಕಾಯುವುದನ್ನು ಕಲಿಸಲು ನನಗೆ ನಾಲ್ಕು ವಾರ ಹಿಡಿಯಿತು. ಬುದ್ಧಿವಂತರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ.

ಕಳೆದ ಗುರುವಾರ ಜಿಪಾರ್ ಒಂದು ಪ್ರೋಗ್ರಾಂ ಬರೆಯುತ್ತಿದ್ದಳು. ನಮ್ಮೂರಿನ ಜನವರಿ ತಿಂಗಳ ಮೂವತ್ತೊಂದು ದಿನಗಳ ಉಷ್ಣಾಂಶ ಕೊಟ್ಟಿತ್ತು. ಎಲ್ಲಕ್ಕಿಂತ ಬೆಚ್ಚಗಿನ ದಿನದ ಉಷ್ಣಾಂಶವನ್ನು ಹುಡುಕಬೇಕು. ಯಂತ್ರ ಕೊಟ್ಟ ಉತ್ತರ ಸೊನ್ನೆ.

"ಅಕ್ಕಾ, ತಪ್ಪಾಗ್ತಿದೆ. ನೀವೇ ಒಂಚೂರು ಬರ್ದ್ಬಿಡಿ."

"ಕೈಯಲ್ಲಿ ಚಹಾ ಇದೆಯಲ್ಲ" ಅಂದಳು ಅಕ್‌ಮೋರ್. "ಏನಾಗ್ಬೇಕಿತ್ತು? ಏನಾಯ್ತು?"

"ಸೊನ್ನೆ ಬಂತು."

"ಬರ್ಬೇಕಿತ್ತಾ?"

ಜಿಪಾರ್ ಪರದೆಯ ಅಂಕಿಗಳನ್ನು ಬೆರಳಿಟ್ಟು ಒಂದೊಂದಾಗಿ ಓದತೊಡಗಿದಳು. ಗೋಡೆಯ ಗಡಿಯಾರದಲ್ಲಿ ನಾನು ಎಣಿಸಿದೆ, ಹನ್ನೊಂದು ನಿಮಿಷ. ಅಕ್‌ಮೋರ್ ಬಟ್ಟಲಿನ ಚಹಾ ಆರಿ ಹೋಯಿತು. ಅವಳ ತುಟಿ ಎರಡು ಸಲ ತೆರೆದು ಎರಡು ಸಲ ಮುಚ್ಚಿತು. ಇದ್ದಕ್ಕಿದ್ದಂತೆ ಜಿಪಾರ್ ನಕ್ಕುಬಿಟ್ಟಳು.

"ಸೊನ್ನೆ ಅಂತೆ! ನಮ್ಮೂರ ಜನವರಿ ಯಾವತ್ತು ಅಷ್ಟು ಬೆಚ್ಚಗಿತ್ತು? ಎಲ್ಲಾ ದಿನಾನೂ ಸೊನ್ನೆಗಿಂತ ಕೆಳಗೇ ಇದ್ಯಲ್ಲ! ಅಕ್ಕಾ, ತಾಳಿ, ತಾಳಿ... ಹೋಲಿಸಿ ನೋಡೋಕೆ ಶುರು ಮಾಡುವಾಗ ಸೊನ್ನೆ ಇಟ್ಟಿದ್ದು ನಾನೇ. ಅದಕ್ಕಿಂತ ದೊಡ್ಡದು ಯಾವ್ದೂ ಸಿಗ್ಲಿಲ್ಲ, ಅದಕ್ಕೇ ಅದೇ ಉಳೀತು. ಮೊದಲ್ನೇ ದಿನದ್ದನ್ನೇ ಇಟ್ಟು ಶುರು ಮಾಡ್ಬೇಕು!"

ಅವಳೇ ಬರೆದಳು. ಅವಳ ಬೆರಳು, ಅವಳ ತಪ್ಪು, ಅವಳ ಉತ್ತರ. ಅಕ್‌ಮೋರ್ ತಿರುಗಿ ಕೂತು, ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಕಣ್ಣೊರೆಸಿಕೊಂಡಳು. ಒಟ್ಟು ಹಿಡಿದದ್ದು ನಲವತ್ತು ನಿಮಿಷ. ತಮ್ಮ ಅಳತೆಗೋಲಿನ ಪ್ರಕಾರ ಅದು ಒಂದೇ ಒಂದು ಅಸೈನ್‌ಮೆಂಟ್. ತಮ್ಮ ಪಟ್ಟಿಯಲ್ಲಿ ಅಕ್‌ಮೋರ್ ಕಟ್ಟಕಡೆಯವಳು. ಹಾಗಾಗಿ ಅವಳನ್ನು ತೆಗೆದಿರಿ. ಅವಳ ಜಾಗಕ್ಕೆ ತರಬೇತಿಯ ಬಾಗಿಲನ್ನೂ ನೋಡದ, ಗಂಟೆಗೆ ಹನ್ನೊಂದು 'ಮುಗಿಸುವ' ಒಬ್ಬ ಮಹಾಶಯನನ್ನು ಹಾಕಿದಿರಿ. ಅವನು ಮೊದಲ ದಿನವೇ ಜಿಪಾರ್‌ಗೆ ಹೇಳಿದ್ದೇನು ಗೊತ್ತೇ? "ನೀನ್ಯಾಕೆ ತಲೆ ಕೆಡಿಸ್ಕೊಳ್ತೀಯ? ಸರ್ಕೊ, ನಾನು ಟೈಪ್ ಹೊಡೆದು ಕೊಡ್ತೀನಿ." ಮರುಪರೀಕ್ಷೆಗೆ ಇನ್ನು ಒಂಬತ್ತು ದಿನ. ಅದರಲ್ಲೂ ಬಿದ್ದರೆ ನಿಯಮದಂತೆ ಅವಳ ಹೆಸರನ್ನು ದಾಖಲೆಯಿಂದ ಹೊಡೆದುಹಾಕುತ್ತಾರೆ. ಅಂದು ಯಾರು ಸರಿದು ಕೂರುತ್ತಾರೆ, ಮಾನ್ಯರೇ? ಯಾರು ಹೊಡೆದು ಕೊಡುತ್ತಾರೆ?

ಮಂಗಳವಾರ ನಾನು ತಮ್ಮ ಕಚೇರಿಗೆ ಬಂದೆ. ಮರೆತಿರಲಾರಿರಿ. "ಮಕ್ಕಳ ಕೈಗೆ ಚಹಾ ಕೊಟ್ಟು ಕೂರಿಸ್ತೀರಂತಲ್ಲ, ತಾಬಿಲ್ದಿ? ಇದು ವಿಶ್ವವಿದ್ಯಾಲಯವೋ, ಚಹಾದಂಗಡಿಯೋ?" ಎಂದು ತಾವು ನಕ್ಕಿರಿ. ನಾನು ಜಿಪಾರ್ ಹೆಸರೆತ್ತಿದೆ. "ಒಬ್ಬಳಿಗೋಸ್ಕರ ಪದ್ಧತಿ ಬದಲಾಯಿಸೋಕಾಗತ್ತಾ?" ಎಂದಿರಿ. ಅಷ್ಟರಲ್ಲಿ ತಮ್ಮ ಕಾರ್ಯದರ್ಶಿ ಚಹಾ ತಂದಿಟ್ಟಳು. ಬಟ್ಟಲು ಅಂಚಿನವರೆಗೆ ತುಂಬಿತ್ತು. ಅವಳು ನನ್ನ ಮುಖ ನೋಡಲಿಲ್ಲ. ಐವತ್ತೆಂಟು ವರ್ಷದ ನಾನು, ಮೂರನೇ ಬಾಲ್ಕನಿಗೂ ಕೇಳುವ ಗಂಟಲಿನ ನಾನು, ಒಂದು ಮಾತೂ ಆಡದೆ ಎದ್ದು ಬಂದೆ. ಅದು ಅಭಿನಯವಾಗಿರಲಿಲ್ಲ. ಅಭಿನಯ ಯಾವುದೆಂದು ನನಗೆ ಗೊತ್ತು.

ನನ್ನನ್ನು ಬೇಕಾದರೆ ಮನೆಗೆ ಕಳಿಸಿ. ಆ ತುಂಬಿದ ಬಟ್ಟಲು ನನಗೆ ಸಲ್ಲುತ್ತದೆ, ಮೊದಲು ತಪ್ಪಿದವನು ನಾನೇ. ಆದರೆ ಆ ಹುಡುಗಿಗೆ ಎರಡನೇ ಸಲ ತುಂಬ ಸುರಿಯಬೇಡಿ. ಅಕ್‌ಮೋರ್‌ಳನ್ನು ಈ ಒಂಬತ್ತು ದಿನಕ್ಕಾದರೂ ಅವಳ ಪಕ್ಕಕ್ಕೆ ಮರಳಿ ಕೂರಿಸಿ. ಕೋಣೆಗೆ ಬೀಗ ಹಾಕಿಸಬೇಡಿ. ಲೆಕ್ಕ ಹಾಕಲೇಬೇಕೆಂದಿದ್ದರೆ ಜಿಪಾರ್ ತಾನೇ ಬರೆದ ಸಾಲುಗಳನ್ನು ಎಣಿಸಿ. ಬೇರೆಯವರು ಬರೆದುಕೊಟ್ಟದ್ದನ್ನಲ್ಲ.

ಬೀಗ ಬಿದ್ದರೂ ತರಬೇತಿ ನಿಲ್ಲುವುದಿಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ತಮ್ಮ ಕಚೇರಿಯ ಮೆಟ್ಟಿಲ ಮೇಲೆ ಚಹಾಕ್ಕೆ ನೀರು ಕುದಿಸುವ ಅಮ್ಮನ ಹಳೆಯ ಸಮೋವರ್ ಇಡುತ್ತೇನೆ. ಹನ್ನೆರಡು ಬೋಧಕರು ಬಟ್ಟಲು ಹಿಡಿದು ಕೂರುತ್ತಾರೆ. ನಡುವೆ ಜಿಪಾರ್, ಅವಳ ಮಡಿಲಲ್ಲಿ ನನ್ನ ಕಂಪ್ಯೂಟರ್. ತಾವು ಕಾರಿನಿಂದಿಳಿದು ಬಂದಾಗ ತಮಗೂ ಒಂದು ಬಟ್ಟಲು ಕೊಡುತ್ತೇನೆ, ಅರ್ಧ ಮಾತ್ರ ಸುರಿದು. ಕೂತುಕೊಳ್ಳಿ. ಆದೇಶದ ಹಾಳೆಯನ್ನು ತಮ್ಮ ಮುಂದಿಟ್ಟು ಎರಡೇ ಪ್ರಶ್ನೆ ಕೇಳುತ್ತೇನೆ: ಏನಾಗಬೇಕಿತ್ತು? ಏನಾಯಿತು? ಆಮೇಲೆ ಕಾಯುತ್ತೇನೆ. ಹನ್ನೊಂದು ನಿಮಿಷವಾದರೂ ಸರಿ, ಒಂಬತ್ತು ದಿನವಾದರೂ ಸರಿ. ತಮ್ಮ ಉತ್ತರವನ್ನು ಮಾತ್ರ ನಾನು ಬರೆದುಕೊಡುವುದಿಲ್ಲ.

ಇಂತಿ,
ಕೈ ಕಟ್ಟಿ ಕೂರುವುದನ್ನು ತಡವಾಗಿ ಕಲಿತ,
ನಾಟಕಮಂದಿರದ ಗೂಡಿನ ಸಲಿಮಾಳ ಮಗ,
ತಾಬಿಲ್ದಿ ಮೇಷ್ಟ್ರು