ಎಡದಿಂದ ಎರಡನೆಯ ಹುಡುಗಿಯ ನೆರಳು

ವಿದೇಶಿ ವಿದ್ಯಾರ್ಥಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿನ್ನೆ ಇದೇ ದೂರನ್ನು ನನ್ನ ಕಾಲೇಜು ಕಾಲದ ಇಂಗ್ಲಿಷಿನಲ್ಲಿ ಶುರುಮಾಡಿದ್ದೆ. ‘ಐ ಬೆಗ್ ಟು ಸ್ಟೇಟ್’ ಎನ್ನುವಲ್ಲಿಗೆ ಕೈ ನಿಂತಿತು. ಹೇಳಬೇಕಾದವನು ಬೇಡುವುದೇಕೆ? ಮುಂದೆ ‘ಡ್ಯೂ ರೆಸ್ಪೆಕ್ಟ್’ ಎಂದೇನೋ ಬರುತ್ತಿತ್ತು, ಅದು ಎಲ್ಲಿ ಬರುತ್ತದೆಂದು ಮರೆತೇ ಹೋಗಿದೆ. ನಿಮ್ಮ ವಿಶ್ವವಿದ್ಯಾಲಯ ನಲವತ್ತು ಭಾಷೆಗಳನ್ನು ಅಪ್ಪಿಕೊಂಡಿದೆ ಎಂದು ನಿಮ್ಮ ಪರಿಚಯ ಪುಸ್ತಿಕೆಯಲ್ಲೇ ಅಚ್ಚಾಗಿದೆಯಲ್ಲ, ಇದನ್ನೂ ಅಪ್ಪಿಕೊಂಡು ಯಾರಿಂದಾದರೂ ಓದಿಸಿಕೊಳ್ಳಿ. ದೂರು ಇಷ್ಟೇ: ನನ್ನ ಮಗಳನ್ನು ನೀವು ಚಿತ್ರದೊಳಗೆ ಸೇರಿಸಿಕೊಂಡಿದ್ದೀರಿ, ತರಗತಿಯೊಳಗೆ ಸೇರಿಸಿಕೊಂಡಿಲ್ಲ.

ಪುಸ್ತಿಕೆಯ ಮೂರನೆಯ ಪುಟ ತೆಗೆಯಿರಿ. ಹುಲ್ಲಿನ ಮೇಲೆ ಐವರು ನಗುತ್ತಾ ಕೂತಿದ್ದಾರೆ. ಎಡದಿಂದ ಎರಡನೆಯವಳು, ಐವರಲ್ಲಿ ಕಪ್ಪಗಿರುವವಳು, ನನ್ನ ಮಗಳು. ಕೆಳಗೆ, ‘ಇಲ್ಲಿ ಯಾರೂ ಒಂಟಿಯಲ್ಲ.’ ನೋಡಿ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಆದರೆ ಸ್ವಾಮಿ, ಫೋಟೊ ಸ್ಟುಡಿಯೊದಲ್ಲಿ ಮೂವತ್ತೆಂಟು ವರ್ಷ ಚಿತ್ರ ತಿದ್ದಿದವನು ನಾನು. ಕಣ್ಣೊರೆಸಿಕೊಂಡು ಭೂತಗನ್ನಡಿ ಹಿಡಿದೆ. ನಾಲ್ವರ ನೆರಳು ಎಡಕ್ಕೆ ಬಿದ್ದಿದೆ, ನನ್ನ ಮಗಳ ಮೂಗಿನ ನೆರಳು ಬಲಕ್ಕೆ! ನಿಮ್ಮ ದೇಶದಲ್ಲಿ ಬಿಳಿಯರಿಗೊಬ್ಬ ಸೂರ್ಯ, ಉಳಿದವರಿಗೊಬ್ಬನೇ? ಫೋನು ಮಾಡಿದೆ.

“ಇವರೆಲ್ಲ ಯಾರಮ್ಮ?”

“ಯಾರಿಗೆ ಗೊತ್ತಪ್ಪ! ನನ್ನನ್ನ ಒಬ್ಬಳೇ ಗೋಡೆ ಮುಂದೆ ಕೂರಿಸಿ ನಗು ಅಂದ್ರು. ನಕ್ಕೆ.”

“ಏನು ಕಂಡು ನಕ್ಕೆ?”

“ಕ್ಯಾಮೆರಾ ಕಂಡು. ನೀನೇ ತಾನೆ ಕಲಿಸಿದ್ದು?”

ಆಮೇಲೆ ಒಂದೊಂದಾಗಿ ಹೊರಬಿತ್ತು. ಸೇತುವೆಯ ಮಾದರಿ ಕಟ್ಟಲು ನಾಲ್ಕು ನಾಲ್ಕು ಜನ ಗುಂಪಾಗಬೇಕಂತೆ. ಅವಳನ್ನು ಬಿಟ್ಟು ಎಲ್ಲರೂ ಗುಂಪಾದರಂತೆ. ಮೇಷ್ಟರು, “ಯಾರಾದರೂ ಸೇರಿಸಿಕೊಳ್ಳಿ” ಎಂದಾಗ ತರಗತಿಗೆ ತರಗತಿಯೇ ಮೊಬೈಲು ನೋಡಿತಂತೆ. ಒಬ್ಬಳೇ ಕಟ್ಟುತ್ತೇನೆ ಎಂದರೆ, ಗುಂಪಿಲ್ಲದ ಕೆಲಸವನ್ನು ಪರೀಕ್ಷೆಗೆ ತೆಗೆದುಕೊಳ್ಳಲು ನಿಯಮವಿಲ್ಲ. ಈ ತಿಂಗಳ ಕೊನೆಯೊಳಗೆ ಗುಂಪು ಸಿಗದಿದ್ದರೆ ವರ್ಷವೇ ಹೋಯಿತು. “ಬಿಡಪ್ಪ, ವಾಪಸ್ ಬಂದ್ಬಿಡ್ತೀನಿ” ಎಂದಳು, ಊಟಕ್ಕೇನು ಎಂದು ಕೇಳುವ ದನಿಯಲ್ಲಿ.

ತರಗತಿ ನಮ್ಮ ವಿಭಾಗಕ್ಕೆ ಬರುವುದಿಲ್ಲ ಎಂದು ಎರಡು ಸಾಲು ಕಳಿಸಬೇಡಿ. ಹುಲ್ಲಿನ ಮೇಲೆ ಕೂರಿಸಲು ಬಂದವರಿಗೆ ಬೆಂಚಿನ ಮೇಲೆ ಕೂರಿಸಲು ಬಾರದೆ? ಗ್ರಂಥಾಲಯದ ಪುಟದಲ್ಲೂ ಅವಳೇ ಇದ್ದಾಳೆ. ಅದೇ ನಗು, ಅಂಗಿಗೆ ಮಾತ್ರ ಹಳದಿ ಬಳಿದಿದ್ದೀರಿ. ನಿಮ್ಮ ಬಳಿ ಇರುವುದು ಒಬ್ಬಳೇ ಒಬ್ಬಳು. ಅವಳನ್ನೇ ಇಬ್ಬರಾಗಿ ತೋರಿಸುವಷ್ಟು ಬೇಕು ನಿಮಗೆ, ಒಂದು ಗುಂಪಿಗೆ ಸೇರಿಸುವಷ್ಟು ಬೇಡ.

ಇನ್ನೊಂದು ಮಾತು, ಇದು ಕಸುಬಿನದು. ಹೀಗೆ ಕತ್ತರಿಸಿ ಕೂರಿಸುವುದನ್ನು ನಾನೂ ಮಾಡಿದ್ದೇನೆ. ಮದುವೆಯ ಚಿತ್ರದಲ್ಲಿ ಅಪ್ಪ ಇರಲಿ, ಮೊಮ್ಮಗುವಿನ ಪಕ್ಕ ಅಜ್ಜಿ ಇರಲಿ ಎಂದು ಜನ ಬರುತ್ತಿದ್ದರು. ಮಗಳು ಇಲ್ಲಿ ಮೊದಲ ಪದವಿ ಪಡೆದಾಗ ನನ್ನ ಹೆಂಡತಿ ಹೋಗಿ ವರ್ಷವಾಗಿತ್ತು. ಹಳೆಯ ಚಿತ್ರದಿಂದ ಅವಳನ್ನು ತೆಗೆದು ಮಗಳ ಪಕ್ಕ ನಿಲ್ಲಿಸಿದೆ. ಇಬ್ಬರ ನೆರಳು ಒಂದೇ ಕಡೆ ಬೀಳಲು ಮೂರು ದಿನ ಕೂತೆ. ನೀವು ಅಷ್ಟೂ ಕಷ್ಟಪಟ್ಟಿಲ್ಲ. ಅದಿರಲಿ, ನಮ್ಮಲ್ಲಿ ಹಾಗೆ ಕೂರಿಸುವುದು ಸತ್ತವರನ್ನು. ನನ್ನ ಮಗಳು ಬದುಕಿದ್ದಾಳೆ. ನಿಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ, ಕಡ್ಡಿಗಳನ್ನು ಅಂಟಿಸುತ್ತಾ ಕೂತಿದ್ದಾಳೆ. ಎದ್ದು ಹೋಗಿ ನೋಡಿ.

ನಾನು ಕೇಳುವುದು ದಯೆಯಲ್ಲ. ತಿಂಗಳು ಮುಗಿಯುವ ಮೊದಲು ಅವಳನ್ನು ಉಸಿರಾಡುವ ಮೂವರ ಜೊತೆ ಕೂರಿಸಿ. ಆಗದಿದ್ದರೆ ಆ ಪುಟಗಳಿಂದ ಅವಳನ್ನು ತೆಗೆಯಿರಿ. ಅವಳಿದ್ದ ಜಾಗಕ್ಕೆ ಹುಲ್ಲು ಬಳಿಯಬೇಡಿ, ಖಾಲಿಯೇ ಬಿಡಿ. ಮುಂದೆ ಮಗಳನ್ನು ಕಳಿಸುವ ಅಪ್ಪಂದಿರು ನೋಡಲಿ.

ಇನ್ನೂ ಬರೆಯುವುದಿತ್ತು. ಕಿಟಕಿಯ ಬೆಳಕು ಮೇಜಿನಿಂದ ಇಳಿದುಹೋಯಿತು, ಅಕ್ಷರ ಕಾಣುತ್ತಿಲ್ಲ. ಅಲ್ಲಿ ಇನ್ನೂ ಹಗಲಿರಬೇಕು.

ಇಂತಿ,
ಎಡದಿಂದ ಎರಡನೆಯವಳ ಅಪ್ಪ