ಮೂಲೆಕೋಣೆಗೆ ಬಂದವರು

ಏಪ್ರಿಲ್ 9, ಬೆಳಿಗ್ಗೆ
ನಮ್ಮ ಅತಿಥಿಗೃಹದ ಎಲ್ಲ ಕೋಣೆ ಭರ್ತಿ. ಜರ್ದಾಳು ಜಾಮ್ ಮುಗಿಯಿತು. ಜರ್ಮನಿಯವರಿಗೆ ಮೊಟ್ಟೆ ಸಾಕಷ್ಟು ಬೆಂದಿಲ್ಲವಂತೆ.

ನಿನ್ನೆ ಬಂದ ಪಿನ್ಹಾಸ್ — ಇಸ್ರೇಲ್ ಪಾಸ್‌ಪೋರ್ಟ್, ತಲೆ ನರೆತ ಮನುಷ್ಯ — ಎಸಿ ಕೋಣೆ ಬೇಡವೆಂದ. ಮೂಲೆಯ ಸಣ್ಣ ಕೋಣೆಯೇ ಆಗಬೇಕಂತೆ. ಬುಖಾರಾಕ್ಕೆ ಇದೇ ಮೊದಲ ಸಲ ಎನ್ನುತ್ತಾನೆ. ಆದರೆ ಚಹಾ ಕುಡಿಯುತ್ತಾ ಕೇಳಿದ, "ಅಂಗಳದ ಹಿಪ್ಪುನೇರಳೆ ಮರ ಏನಾಯ್ತು?"

ಆ ಮರ ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ಹೋಗಿತ್ತು.

ಏಪ್ರಿಲ್ 10
ಗೋಡೆ ತಟ್ಟಿ ನೋಡುತ್ತಾನೆ. ಕಂಬಗಳ ಫೋಟೊ ತೆಗೆಯುತ್ತಾನೆ. ನನ್ನ ಗಂಡ ಫಯ್ಜುಲ್ಲೋಗೆ ಹೇಳಿದೆ.

"ನಾವು ಕೊಳ್ಳೋ ಮೊದಲು ಇದು ಇಸ್ರೇಲಿಗೆ ಹೋದ ಯಹೂದಿಗಳ ಮನೆ. ವಾಪಸ್ ಕೇಳೋಕೆ ಬಂದಿದ್ದಾನೆ ಕಣೇ. ಹಿಂದಿಂದ ವಕೀಲನೂ ಬರ್ತಾನೆ, ನೋಡ್ತಿರು."

ಅತ್ತೆ ತಲೆನೋವೆಂದು ಕೋಣೆಯಿಂದ ಹೊರಗೇ ಬಂದಿಲ್ಲ. ಅವನು ಬಂದಾಗಿನಿಂದ ಹೀಗೆ.

ಏಪ್ರಿಲ್ 12, ಮಧ್ಯಾಹ್ನ
ಅಂಗಳದಲ್ಲಿ ಫೋನಿನಲ್ಲಿದ್ದ. ನಮ್ಮೂರಿನ ಭಾಷೆಯಲ್ಲೇ — "ಹ್ಞೂಂ, ಸನವ್ಬರ್ ಬದುಕಿದ್ದಾಳೆ."

ಸನವ್ಬರ್ ಅಂದರೆ ನನ್ನ ಅತ್ತೆ! ಅಡ್ಡ ನಿಂತೆ.

"ಯಾರ್ರೀ ನೀವು?"

"ನಮ್ಮಮ್ಮ ಹುಟ್ಟಿದ ಮನೆ ಇದು. ಮೊದಲೇ ಹೇಳಿದ್ರೆ ಬಾಗಿಲು ತೆಗೀತಿದ್ರಾ? ಅಮ್ಮ ಸಮರ್ಕಂದದಲ್ಲಿ ಕಾಯ್ತಿದ್ದಾಳೆ. ಆ ಕೋಣೇಲಿ ಒಂದು ರಾತ್ರಿ ಮಲಗಬೇಕಂತೆ."

"ಅಷ್ಟೇನಾ?"

"ಅದನ್ನ ಅವಳನ್ನೇ ಕೇಳಿ."

ನೇರ ಅತ್ತೆಯ ಬಳಿ ಹೋದೆ. "ಈ ಮನೆ ನಾವು ಕೊಂಡಿದ್ದು ತಾನೇ?"

ಅವರು ಎದ್ದು ಬಾಗಿಲು ಮುಚ್ಚಿದರು. "ಇಲ್ಲ ಮಗಳೇ. ದೇಶ ಬಿಡೋವಾಗ ಇವನಮ್ಮ ಬುಲೂರಕ್ಕ ಕೀಲಿ ಕೊಟ್ಟು, ನೋಡ್ಕೊಂಡಿರು, ಬರ್ತೀನಿ ಅಂದ್ಲು. ಬರಲ್ಲ ಅಂದ್ಕೊಂಡ್ವಿ. ನಿಮ್ಮಾವ ತಮ್ಮ ಹೆಸರಿಗೆ ಮಾಡಿಸ್ಕೊಂಡ್ರು… ಫಯ್ಜುಲ್ಲೋಗೆ ಹೇಳ್ಬೇಡ."

ಹಾಗಾದರೆ ಇಷ್ಟು ವರ್ಷ ಯಾರ ಮನೆಯಲ್ಲಿ ನಾನು ಅತಿಥಿಗಳಿಗೆ ಹಾಸಿಗೆ ಹಾಸಿದೆ?

ಏಪ್ರಿಲ್ 14
ಬಂದರು. ಪಿನ್ಹಾಸನ ಅಮ್ಮ ಬುಲೂರ್ — ಸಣ್ಣ ಮುದುಕಿ, ಕೋಲು, ಹೂವಿನ ತಲೆವಸ್ತ್ರ. ಫಯ್ಜುಲ್ಲೋ ಕಾವಲಿನವನ ಹಾಗೆ ಬಾಗಿಲಲ್ಲಿ ನಿಂತಿದ್ದ. ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದರು.

"ದಪ್ಪಗಾಗಿದ್ದೀಯ ಕಣೇ ಸನವ್ಬರ್."

ಅತ್ತೆ ಅವರ ಕಾಲ ಬಳಿಯೇ ಕುಸಿದರು. "ಅಕ್ಕಾ, ಈ ಮನೆ—"

"ಮಾರಿದ್ನಲ್ಲೇ! ಮರೆತ್ಯಾ?" ಬುಲೂರ್ ಫಯ್ಜುಲ್ಲೋನನ್ನೇ ನೋಡುತ್ತಾ ಹೇಳಿದರು. "ನಿಮ್ಮಮ್ಮ ಮದುವೆ ಬಳೆ ಬಿಚ್ಚಿ ಕೊಟ್ಳಪ್ಪ. ಅದರಿಂದಲೇ ಅಲ್ಲಿ ನಮ್ಮ ಬದುಕು ಶುರುವಾಗಿದ್ದು."

ಫಯ್ಜುಲ್ಲೋನ ಮುಖ ಅರಳಿತು. ಪಲಾವ್ ತರಲು ಓಡಿದ. ಪಿನ್ಹಾಸ್ ತಲೆ ತಗ್ಗಿಸಿ ತನ್ನ ಬೂಟು ನೋಡುತ್ತಿದ್ದ.

ಅತ್ತೆಯ ಮದುವೆ ಬಳೆ ಇರುವುದು ನನ್ನ ಕೈಯಲ್ಲಿ; ಅದು ಯಾರದೆಂದು ಫಯ್ಜುಲ್ಲೋಗೆ ಗೊತ್ತಿಲ್ಲ. ಚಹಾ ಬಗ್ಗಿಸುವಾಗ ಬುಲೂರ್ ಅದನ್ನು ನೋಡಿದರು. ಗುರುತು ಹಿಡಿದರು. ಏನೂ ಹೇಳದೆ ನನ್ನ ತೋಳಿನ ಬಟ್ಟೆ ಕೆಳಗೆಳೆದು ಅದನ್ನು ಮುಚ್ಚಿದರು.

ಏಪ್ರಿಲ್ 15, ಬೆಳಿಗ್ಗೆ
ಬುಲೂರ್ ಮೂಲೆಕೋಣೆಯಲ್ಲೇ ಮಲಗಿದ್ದಾರೆ. ನನಗೆ ನಿದ್ದೆ ಇಲ್ಲ. ಸುಳ್ಳು ಏಕೆ ಹೇಳಿದರು? ಇಷ್ಟು ದೊಡ್ಡ ಮನೆಯನ್ನು ಯಾರಾದರೂ ಒಂದು ಮಾತಿನಲ್ಲಿ ಬಿಟ್ಟುಕೊಡುತ್ತಾರೆಯೇ? ನಂಬಬೇಕೆನಿಸುತ್ತದೆ. ಆಗುತ್ತಿಲ್ಲ.

ಬಳೆ ಬಿಚ್ಚಿದ್ದೇನೆ. ಫಯ್ಜುಲ್ಲೋ ಏಳುವ ಮೊದಲೇ ಅವರಿಗೆ ಕೊಟ್ಟುಬಿಡಬೇಕು. ತೆಗೆದುಕೊಂಡರೆ ಅವರ ಮಾತು ನಿಜವಾಗುತ್ತದೆ. ಬೇಡವೆಂದರೆ ಮನೆ ಇನ್ನೂ ಅವರದೇ…

ಮೂಲೆಕೋಣೆಯ ಬಾಗಿಲು ತೆರೆಯಿತು. "ಸೊಸೇ," ಎಂದು ಬುಲೂರ್ ಕರೆಯುತ್ತಿದ್ದಾರೆ, "ಇಲ್ಲಿ ಬಾ ಒಂದ್ನಿಮಿಷ—"